ಬೆಳೆಯೋ ಹುಡುಗಿಯ ಕವಚ

ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ ಕಾರು ನಿಂತ ದಿನಗಳು ಕಡಿಮೆ. ಮನೆ ಹೊಸದಿದ್ದಾಗ ಬಿಚ್ಚದ ರಟ್ಟಿನ ಡಬ್ಬಗಳು ಅಲ್ಲಿದ್ದವು, ಆಮೇಲೆ ನನ್ನ ಹೊಲಿಗೆ ಮಷೀನು ಬಂತು, ಅದರ ಹಿಂದೆಯೇ ಮಗಳು ಬಂದಳು. ಈಗ ಅಲ್ಲಿ ಬಾಗಿಲ ಪಕ್ಕದ ಮೊಳೆಗೆ ಒಂದು ಯುದ್ಧಕವಚ ತೂಗಾಡುತ್ತಿದೆ. ಧೂಳು ಕೂರದಿರಲಿ ಅಂತ ನನ್ನದೊಂದು ಹಳೆಯ ವಾಯಿಲ್ ಸೀರೆಯನ್ನು ಅದಕ್ಕೆ ಹೊದಿಸಿದ್ದೇನೆ. ನೋಡಿದರೆ ಉಕ್ಕಿನದು ಅನ್ನಿಸುತ್ತದೆ. ಎತ್ತಿದರೆ ಒಣಗಿದ ಬಟ್ಟೆಯ ಬುಟ್ಟಿಗಿಂತ ಹಗುರ.

ಮನೆಗೆ ಬಂದವರು ಮುಸುಕು ಸರಿಸಿ ನೋಡಿ, "ಏನ್ರೀ ಇದು, ಯಾರಾದ್ರೂ ನಾಟಕದಲ್ಲಿದ್ದೀರಾ?" ಅಂತ ಕೇಳುತ್ತಾರೆ. "ಮಗಳದ್ದು" ಅಂತ ಹೇಳಿ ಕಾಫಿಗೆ ನೀರಿಡಲು ಹೋಗುತ್ತೇನೆ. ನಿಜಕ್ಕೂ ಅದು ಮಗಳಿಗೆಂದು ಮಾಡಿದ್ದಲ್ಲ, ನಮ್ಮ ಮನೆಯಲ್ಲಿ ತಯಾರಾದದ್ದೂ ಅಲ್ಲ. ನಾವು ತಾಯಿ ಮಗಳು ಸೇರಿ ಮಾಡಿದ ಕವಚ ಮೆಲ್ಬರ್ನಿನಲ್ಲಿ, ಕ್ಲೈಡ್ ನಾರ್ತಿನ ಇನ್ನೊಂದು ಗ್ಯಾರೇಜಿನಲ್ಲಿದೆ. ಅದು ಅಲ್ಲಿಗೆ ಹೋಗಿ, ಇದು ಇಲ್ಲಿಗೆ ಬಂದ ಕಥೆಯನ್ನು ಕಾಫಿ ಕುದಿಯುವಷ್ಟರಲ್ಲಿ ಹೇಳಿ ಮುಗಿಸುವುದಕ್ಕಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಮ್ಮ ರಸ್ತೆಯ ಕೊನೆಯ ಮನೆಯಲ್ಲಿ ಹುಬ್ಬಳ್ಳಿಯ ಕುಟುಂಬವೊಂದಿತ್ತು. ಅವರ ಮಗಳೂ ನಮ್ಮ ಮಗಳೂ ಒಂದೇ ಕ್ಲಾಸು. ಶಾಲೆಯಿಂದ ಬಂದವರೇ ಬ್ಯಾಗು ಎಸೆದು ಇಬ್ಬರೂ ಒಂದೇ ಸೋಫಾದ ಮೇಲೆ ಕಾಲು ಮಡಿಚಿ ಕೂತು ವಿಡಿಯೋ ಗೇಮ್ ಆಡುತ್ತಿದ್ದರು. ನಾನು ಕೊಯ್ದಿಟ್ಟ ಸೇಬಿನ ಹೋಳು ಕಂದು ಬಣ್ಣಕ್ಕೆ ತಿರುಗುವವರೆಗೂ ಪರದೆಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ಹುಡುಗಿಯ ಅಮ್ಮ ನನಗಿಂತ ಸ್ವಲ್ಪ ಚಿಕ್ಕವರು, ನನ್ನನ್ನು ಅಕ್ಕಾರ ಅನ್ನುತ್ತಿದ್ದರು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ದನಿ ತಗ್ಗಿಸಿ ಮಾತಾಡಲು ಕಲಿತವಳು. ಗೇಟಿನಲ್ಲಿ ನಿಂತು ಅವರ ಗಟ್ಟಿ ಮಾತು ಕೇಳುವುದೇ ನನಗೊಂದು ಸುಖ.

ಆ ಗೇಮಿನಲ್ಲಿ ಕೋಟೆಯ ಬಾಗಿಲು ಕಾಯುವ ಅಕ್ಕ ತಂಗಿಯರಿಬ್ಬರು ಬರುತ್ತಾರೆ. ಅಕ್ಕನ ಎಡಭುಜಕ್ಕೆ ದೊಡ್ಡದೊಂದು ಕವಚದ ರೆಕ್ಕೆ, ತಂಗಿಯ ಬಲಭುಜಕ್ಕೆ ಅಂಥದ್ದೇ ಇನ್ನೊಂದು. ಪಕ್ಕಪಕ್ಕ ನಿಂತರೆ ಎರಡೂ ರೆಕ್ಕೆ ನಡುವೆ ಕೂಡಿಕೊಂಡು ಮುಚ್ಚಿದ ಬಾಗಿಲಿನ ಹಾಗೆ ಕಾಣುತ್ತವೆ. ಒಬ್ಬಳೇ ನಿಂತರೆ ಅದು ಏನೂ ಅಲ್ಲ, ಒಂದು ಕಡೆ ಊದಿಕೊಂಡ ಭುಜ ಅಷ್ಟೆ. ವರ್ಷಕ್ಕೊಮ್ಮೆ ಮೆಲ್ಬರ್ನಿನಲ್ಲಿ ಇಂಥ ಗೇಮುಗಳ ಹುಚ್ಚಿರುವವರ ಸಂತೆಯಂಥ ಒಂದು ಮೇಳ ನಡೆಯುತ್ತದೆ. ಅಲ್ಲಿ ವೇಷ ಹಾಕಿದವರ ಮೆರವಣಿಗೆ ವೇದಿಕೆಯ ಮೇಲೆ ಸಾಗುತ್ತದೆ. ಒಂದಲ್ಲ ಒಂದು ವರ್ಷ ಇಬ್ಬರೂ ಜೋಡಿಯಾಗಿ ಆ ವೇದಿಕೆ ಹತ್ತುವುದು ಅಂತ ನಮ್ಮ ಗ್ಯಾರೇಜಿನಲ್ಲೇ ಕೈ ಮೇಲೆ ಕೈ ಇಟ್ಟು ತೀರ್ಮಾನ ಮಾಡಿಕೊಂಡಿದ್ದರು.

"ಅಕ್ಕ ನಾನು," ಅಂದಿದ್ದಳು ನನ್ನ ಮಗಳು. "ನಾನು ನಿನಗಿಂತ ದೊಡ್ಡವಳು."

"ಓನ್ಲಿ ಇನ್ ಏಜ್," ಅಂದಿದ್ದಳು ಆ ಹುಡುಗಿ. ಆದರೂ ಒಪ್ಪಿಕೊಂಡಿದ್ದಳು.

ಮಕ್ಕಳಿಬ್ಬರೂ ಮಾತಾಡುವುದು ಇಂಗ್ಲಿಷಿನಲ್ಲಿ. ನಾನು ಅದನ್ನು ಕನ್ನಡ ಮಾಡಿಕೊಂಡು ಬರೆಯುತ್ತಿದ್ದೇನೆ. ಅಲ್ಲಲ್ಲಿ ಅವರದೇ ಮಾತು ಹಾಗೇ ಬಿಟ್ಟಿದ್ದೇನೆ, ಕೆಲವು ಮಾತಿನ ಖಾರ ಮಗುಚಿದರೆ ಹೋಗಿಬಿಡುತ್ತದೆ.

ಆಮೇಲೆ ಹುಬ್ಬಳ್ಳಿಯವರಿಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿತು. ಕ್ಲೈಡ್ ನಾರ್ತಿನಲ್ಲಿ ಮನೆ ಕಟ್ಟಿಸಿದರು. ಸಾಮಾನಿನ ಲಾರಿ ತಿರುವಿನಲ್ಲಿ ಮರೆಯಾದ ಮೇಲೂ ನನ್ನ ಮಗಳು ರಸ್ತೆಯಲ್ಲೇ ನಿಂತಿದ್ದಳು, ಪಕ್ಕದ ಮನೆಯ ನಾಯಿ ಬಂದು ಅವಳ ಚಪ್ಪಲಿ ಮೂಸಿ ಹೋದದ್ದೂ ಅವಳಿಗೆ ತಿಳಿಯಲಿಲ್ಲ. ಮೊದಮೊದಲು ದಿನಾ ವಿಡಿಯೋ ಕಾಲು. ಹೋಗುವ ಮುಂಚೆ ಬ್ರೌನ್ ಪೇಪರಿನ ಮೇಲೆ ಇಬ್ಬರೂ ಸೇರಿ ತಂಗಿಯ ಕವಚದ ಅಚ್ಚು ಬಿಡಿಸಿಕೊಂಡಿದ್ದರು. ಅಲ್ಲಿ ಹೋದ ಕೂಡಲೇ ಆ ಹುಡುಗಿ ತನ್ನದನ್ನು ಮಾಡಿ ಮುಗಿಸಿದ್ದೂ ಆಯಿತು, ಫೋಟೋ ಬಂತು. ನನ್ನ ಮಗಳದ್ದು ನಿಧಾನದ ಕೈ. ಭುಜದ ರೆಕ್ಕೆಗೇ ಒಂದು ಟರ್ಮು ಕಳೆದಳು. ಅಷ್ಟರಲ್ಲಿ ಆ ಕಡೆಯ ಮಾತು ಕಡಿಮೆಯಾಗುತ್ತ ಬಂತು. ಪೂರ್ತಿ ವಾಕ್ಯದ ಬದಲು ಒಂದು ಪದ, ಪದದ ಬದಲು ಹೆಬ್ಬೆರಳಿನ ಚಿತ್ರ.

ನನಗೆ ಈ ಹಾದಿ ಗೊತ್ತಿತ್ತು. ಕಾನ್ವೆಂಟಿನಲ್ಲಿ ನನ್ನ ಬೆಂಚಿನ ಗೆಳತಿಯೊಬ್ಬಳಿದ್ದಳು. ಕ್ರಿಸ್ಮಸ್ ನಾಟಕದಲ್ಲಿ ನಾವಿಬ್ಬರೂ ರೋಮಿನ ಸೈನಿಕರು. ಒಂದೂ ಮಾತಿಲ್ಲ, ಅರಮನೆಯ ಬಾಗಿಲ ಎರಡು ಪಕ್ಕ ಈಟಿ ಹಿಡಿದು ನಿಲ್ಲುವುದು, ನಗಬಾರದು. ನನ್ನ ಅಮ್ಮ ರಟ್ಟು ಕತ್ತರಿಸಿ, ಚಹಾಪುಡಿ ಪೊಟ್ಟಣದ ಒಳಗಿನ ಬೆಳ್ಳಿ ಕಾಗದವನ್ನು ಗಂಜಿಯಲ್ಲಿ ಅಂಟಿಸಿ ಇಬ್ಬರಿಗೂ ಕವಚ ಮಾಡಿಕೊಟ್ಟಿದ್ದರು. ವೇದಿಕೆಯ ಮೇಲೆ ನಮ್ಮ ಮೈಯಿಂದ ಚಹಾದ ವಾಸನೆ. ಅದಕ್ಕೇ ನಮಗೆ ನಗು ತಡೆಯಲಾಗಲಿಲ್ಲ. "ದೊಡ್ಡದಾಯ್ತಲ್ಲಮ್ಮ" ಅಂತ ನಾನು ಗೊಣಗಿದಾಗ ಅಮ್ಮ, "ಮುಂದಿನ ವರ್ಷಕ್ಕೂ ಆಗುತ್ತೆ ಸುಮ್ನಿರು" ಅಂದಿದ್ದರು. ಮುಂದಿನ ವರ್ಷದ ಹೊತ್ತಿಗೆ ಗೆಳತಿಯ ಅಪ್ಪನಿಗೆ ವರ್ಗವಾಗಿತ್ತು. ಇನ್‌ಲ್ಯಾಂಡ್ ಪತ್ರಗಳು ಬಂದವು, ಮೊದಲು ಮೂರೂ ಮಡಿಕೆ ತುಂಬಿ, ಆಮೇಲೆ ಒಂದು ಮಡಿಕೆ, ಆಮೇಲೆ ಹೊಸ ವರ್ಷದ ಕಾರ್ಡು. ಆ ಕ್ರಿಸ್ಮಸ್ಸಿಗೆ ನನ್ನನ್ನು ಕುರಿ ಕಾಯುವವಳನ್ನಾಗಿ ಮಾಡಿದರು.

ಹಾಗಾಗಿ, ಇಬ್ಬರೂ ಹೋಗುವುದೆಂದು ಮಾತಾಗಿದ್ದ ಆ ವರ್ಷದ ಮೇಳಕ್ಕೆ ಇನ್ನೆರಡು ವಾರವಿದೆ ಎನ್ನುವಾಗ ಒಂದು ಮಧ್ಯಾಹ್ನ ಗ್ಯಾರೇಜಿನಲ್ಲಿ ಮಗಳು ಮೂಗು ಒರೆಸಿಕೊಳ್ಳುತ್ತಿದ್ದದ್ದನ್ನು ನೋಡಿ ನನಗೆ ಸುಮ್ಮನಿರಲಾಗಲಿಲ್ಲ.

"ಯಾಕೆ ಅಳ್ತಿದ್ದೀಯ?"

"ಅಳ್ತಿಲ್ಲ. ಗ್ಲೂ ವಾಸನೆ."

ಗ್ಲೂ ಡಬ್ಬಿಯ ಮುಚ್ಚಳ ಇನ್ನೂ ತೆಗೆದೇ ಇರಲಿಲ್ಲ. ನಾನು ಅದನ್ನು ನೋಡಿದೆ, ನಾನು ನೋಡಿದ್ದನ್ನು ಅವಳು ನೋಡಿದಳು.

"ಅಲ್ಲಿ ಅವಳಿಗೆ ಬೇರೆ ಫ್ರೆಂಡ್ಸ್ ಇದ್ದಾರಮ್ಮ. ನಂದು ಮುಗಿದಿಲ್ಲ ಅಂದ್ರೆ ಅವರಲ್ಲೇ ಯಾರನ್ನೋ ಕರ್ಕೊಂಡು ಹೋಗ್ತಾಳೆ. ನಾನು ಏನೂ ಕೇಳಕ್ಕಾಗಲ್ಲ."

ಹೆಲ್ಮೆಟ್ ಮುಗಿದಿತ್ತು, ರೆಕ್ಕೆ ಮುಗಿದಿತ್ತು, ಮುಂಗೈ ಕವಚ ಮುಗಿದಿತ್ತು. ಉಳಿದದ್ದು ಎದೆ ಮತ್ತು ಬೆನ್ನು. ಅದೇ ಮುಖ್ಯವಾದದ್ದು, ಉಳಿದದ್ದೆಲ್ಲ ಅದಕ್ಕೇ ನೇತುಹಾಕಬೇಕು. ಜಿಮ್ಮಿನ ನೆಲಕ್ಕೆ ಹಾಸುವ ದಪ್ಪ ಫೋಮ್ ಶೀಟನ್ನು ಕತ್ತರಿಸಿ, ಹೀಟ್ ಗನ್ನಿನಿಂದ ಬಿಸಿ ಮಾಡಿ ಬಗ್ಗಿಸುವುದು ಕ್ರಮ. ಅವಳು ಹೇಗೆ ಬಗ್ಗಿಸಿದರೂ ಎದೆಯ ಭಾಗ ಪಾತ್ರೆ ಮುಚ್ಚಳದ ಹಾಗೆ ಚಪ್ಪಟೆ ಕೂರುತ್ತಿತ್ತು. ನಾನು ಸ್ವಲ್ಪ ಹೊತ್ತು ತಿರುಗಿಸಿ ಮುರುಗಿಸಿ ನೋಡಿದೆ.

"ಇದಕ್ಕೆ ಟಕ್ಸ್ ಹಾಕ್ಬೇಕು," ಅಂದೆ.

"ಅಮ್ಮಾ, ಇದು ಬ್ಲೌಸ್ ಅಲ್ಲ."

"ಎದೆ ಎದೆಯೇ ಕಣೇ. ಹತ್ತಿ ಆದ್ರೇನು, ಫೋಮ್ ಆದ್ರೇನು?"

ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು, ಕೇರಳದ ಕಡೆಯವರು. ಅವರ ಬಿಳಿ ನಿಲುವಂಗಿಯ ತೋಳಿನ ತುದಿಗೆ ಯಾವಾಗಲೂ ದಾರ ಪೋಣಿಸಿದ ಒಂದು ಸೂಜಿ ಚುಚ್ಚಿರುತ್ತಿತ್ತು. ಮೊದಲು ಬ್ರೌನ್ ಪೇಪರು, ಆಮೇಲೆ ಬಟ್ಟೆ. ಪೇಪರಿನ ಮೇಲೆ ಎರಡು ಗೆರೆ: ಒಳಗಿನದು ಹೊಲಿಗೆಗೆ, ಹೊರಗಿನದು ಕತ್ತರಿಗೆ. ಅವುಗಳ ನಡುವೆ ಬಿಡುವ ಜಾಗವೇ ಬಟ್ಟೆಯ ಆಯುಸ್ಸು ಅನ್ನುತ್ತಿದ್ದರು. ಮನೆಯಲ್ಲಿ ಅಮ್ಮನದು ಅದಕ್ಕಿಂತ ಒಂದು ಕೈ ಮೇಲೆ. ನನ್ನ ಯೂನಿಫಾರ್ಮ್ ಸ್ಕರ್ಟಿನ ಅಂಚನ್ನು ಪ್ರತಿ ಜೂನ್‌ನಲ್ಲಿ ಒಂದೊಂದು ಮಡಿಕೆ ಬಿಚ್ಚಿ ಇಳಿಸುತ್ತಿದ್ದರು. ಬಿಸಿಲು ಕಾಣದ ಆ ಮಡಿಕೆಗಳು ಕಡುನೀಲಿ ಗೆರೆಗಳಾಗಿ ಒಂದರ ಕೆಳಗೊಂದು ಉಳಿದಿದ್ದವು. ಯಾವ ಕ್ಲಾಸಿನಲ್ಲಿ ಎಷ್ಟು ಬೆಳೆದೆ ಅನ್ನುವುದು ನನ್ನ ಸ್ಕರ್ಟ್ ನೋಡಿದರೆ ತಿಳಿಯುತ್ತಿತ್ತು. ಬೆಳೆಯೋ ಹುಡುಗಿ, ಒಳಗೆ ಬಟ್ಟೆ ಬಿಡು. ನಮ್ಮ ಮನೆಯಲ್ಲಿ ಟೈಲರನಿಗೆ ಹೇಳುತ್ತಿದ್ದ ಮಾತು ಇದೊಂದೇ.

ಆ ದಿನದಿಂದ ಗ್ಯಾರೇಜು ಇಬ್ಬರದಾಯಿತು. ನಾನು ಟೇಪು ತಂದು ಅವಳ ಅಳತೆ ತೆಗೆದೆ. ಎಷ್ಟೋ ದಿನಗಳಾಗಿದ್ದವು ಅವಳನ್ನು ಅಷ್ಟು ಹತ್ತಿರ ನಿಲ್ಲಿಸಿಕೊಂಡು. ಕುತ್ತಿಗೆಯ ಹಿಂದಿನ ಮಚ್ಚೆ ಅಲ್ಲೇ ಇತ್ತು. ಅವಳು ಉಸಿರು ಬಿಗಿಹಿಡಿದಿದ್ದಳು.

"ಉಸಿರು ಬಿಡೇ. ಕವಚ ಹಾಕ್ಕೊಂಡು ಉಸಿರಾಡ್ಬೇಕಲ್ವಾ?"

"ಯು ಆರ್ ಟಿಕ್ಲಿಂಗ್ ಮಿ."

ಬ್ರೌನ್ ಪೇಪರು ಹಾಸಿ ಬ್ಲೌಸಿಗೆ ಬಿಡಿಸುವ ಹಾಗೆ ಬಿಡಿಸಿದೆ. ಟಕ್ಸ್ ಬರುವ ಕಡೆ ತ್ರಿಕೋನ ಕತ್ತರಿಸಿ ತೆಗೆದು ಎರಡು ಅಂಚು ಕೂಡಿಸಿದಾಗ ಚಪ್ಪಟೆ ಕಾಗದ ತಾನಾಗಿಯೇ ಉಬ್ಬಿ ನಿಂತಿತು. ಮಗಳು "ವೋ..." ಅಂದಳು. ಅವಳ ಬಾಯಿಂದ ನನ್ನ ಕೆಲಸಕ್ಕೆ ಅಂಥ ಉದ್ಗಾರ ಹಿಂದೆ ಬಂದದ್ದು ಅವಳು ತೀರ ಚಿಕ್ಕವಳಿದ್ದಾಗ, ನಾನು ಹಿಟ್ಟಿನಲ್ಲಿ ಗುಬ್ಬಿ ಮಾಡಿ ಕರಿದುಕೊಟ್ಟಾಗ.

ಕೆಲಸವನ್ನು ಹಂಚಿಕೊಂಡೆವು. ಕತ್ತರಿಸುವುದು ನಾನು, ಅಂಟಿಸುವುದು ಅವಳು. ಹೀಟ್ ಗನ್ನಿನ ಮುಂದೆ ಫೋಮು ಕೆಂಡಕ್ಕೆ ಹಿಡಿದ ಹಪ್ಪಳದ ಹಾಗೆ ಅಂಚಿನಿಂದ ಸುರುಳಿಗೊಳ್ಳುತ್ತಿತ್ತು. ಮೇಲ್ಮೈ ಒಂದು ಕ್ಷಣ ಹೊಳೆಯುತ್ತದೆ, ಆಗಲೇ ತೆಗೆಯಬೇಕು. ಗ್ಲೂ ಎರಡೂ ಅಂಚಿಗೆ ಹಚ್ಚಿ ಕಾಯಬೇಕು. ಬೆರಳಿಟ್ಟರೆ ಅಂಟಬಾರದು, ಒಣಗಿಯೂ ಹೋಗಬಾರದು. ಶೇಂಗಾ ಚಿಕ್ಕಿಯ ಪಾಕದ ಹಾಗೆ ಅದಕ್ಕೂ ಒಂದು ಹದವಿದೆ. ಒಮ್ಮೆ ಕೂಡಿಸಿದರೆ ಮುಗಿಯಿತು, ಫೋಮು ಹರಿದೀತು, ಅಂಟು ಬಿಡುವುದಿಲ್ಲ.

ಇವರು ಆಫೀಸಿನಿಂದ ಬಂದು ಕಾರನ್ನು ರಸ್ತೆಯಲ್ಲಿ ನಿಲ್ಲಿಸಿ ಇಣುಕುತ್ತಿದ್ದರು. "ಮಾರ್ಟ್‌ಗೇಜ್ ಕಟ್ತಿರೋದು ಗ್ಯಾರೇಜಿಗೂ ಸೇರಿಸಿ. ಆದ್ರೆ ಕಾರಿಗೆ ಮಾತ್ರ ಬೀದಿ."

"ನಿಮ್ಮ ಮಗಳು ಕೋಟೆ ಕಾಯ್ತಾಳೆ, ಇನ್ನು ಕಾರು ಯಾವ ಲೆಕ್ಕ?" ಅಂತ ನಾನು.

ಆ ದಿನಗಳಲ್ಲಿ ಮಗಳು ಕನ್ನಡದಲ್ಲೇ ಎರಡು ಮೂರು ಮಾತಾಡಿದಳು ಅನ್ನುವುದನ್ನೂ ಇಲ್ಲಿ ಬರೆದಿಡಬೇಕು. "ಹದ ಬಂತಾ?" ಅನ್ನುತ್ತಿದ್ದಳು ಗ್ಲೂ ಮುಟ್ಟಿ. ಆ ಪದಕ್ಕೆ ಇಂಗ್ಲಿಷಿನಲ್ಲಿ ಅವಳಿಗೆ ಏನೂ ಸಿಕ್ಕಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೊರಡುವುದು, ಶನಿವಾರ ಮೆರವಣಿಗೆ. ಬುಧವಾರ ಬಣ್ಣ ಮುಗಿಯಿತು. ಕಪ್ಪು ಬಳಿದು ಅದರ ಮೇಲೆ ಒಣ ಬ್ರಷ್ಷಿನಿಂದ ಬೆಳ್ಳಿ ಬಣ್ಣ ಸವರಿದಾಗ ಫೋಮು ನಮ್ಮ ಕಣ್ಣೆದುರೇ ಕಬ್ಬಿಣವಾಯಿತು. ಗುರುವಾರ ಶಾಲೆ ಮುಗಿಸಿ ಬಂದವಳೇ ಹಾಕಿಕೊಂಡಳು. ಪಕ್ಕದ ವೆಲ್ಕ್ರೋ ಪಟ್ಟಿ ಎಳೆದು ಬಿಗಿ ಮಾಡಿದೆ. ಕವಚ ಅವಳ ಮೈಮೇಲೆ ನಿಲ್ಲಲಿಲ್ಲ. ಕಂಕುಳ ಕೆಳಗೆ ನನ್ನ ಇಡೀ ಕೈ ತೂರುವಷ್ಟು ಜಾಗ. ರೆಕ್ಕೆಯ ಭಾರಕ್ಕೆ ಎಡಕ್ಕೆ ವಾಲಿ, ಕುತ್ತಿಗೆಯ ಅಂಚು ಅವಳ ಗಲ್ಲಕ್ಕೆ ಬಂದು ತಾಗಿತು.

ಮಷೀನಿನ ಮೇಲೆ ಮಡಿಚಿಟ್ಟಿದ್ದ ಬ್ರೌನ್ ಪೇಪರ್ ಬಿಡಿಸಿದೆ. ಎರಡು ಗೆರೆ. ಒಳಗಿನದು ಹೊಲಿಗೆಗೆ, ಹೊರಗಿನದು ಕತ್ತರಿಗೆ. ನಾನು ಕೈಯ ಅಭ್ಯಾಸದಂತೆ ಹೊರಗಿನ ಗೆರೆ ಹಿಡಿದು ಕತ್ತರಿಸಿದ್ದೆ. ಅದರ ಮೇಲೂ ಬೆಳೆಯೋ ಹುಡುಗಿ ಅಂತ ಒಂದು ಬೆರಳು ಹೆಚ್ಚಿಗೆ. ಮಗಳು ಅಂಚಿಗೆ ಅಂಚು ಕೂಡಿಸಿ ಅಂಟಿಸಿದ್ದಳು, ಫೋಮಿನ ಕ್ರಮವೇ ಅದು. ಫೋಮಿನಲ್ಲಿ ಒಳಗೆ ಮಡಿಚುವುದು ಎಲ್ಲಿಂದ ಬರಬೇಕು! ಪ್ರತಿ ಜೋಡಣೆಯಲ್ಲೂ ಸೇರಿಕೊಂಡ ಬೆರಳು ಬೆರಳು ಕೂಡಿ ಒಂದು ಗೇಣಾಗಿತ್ತು.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿಧಾನವಾಗಿ ವೆಲ್ಕ್ರೋ ಬಿಚ್ಚಿ ಕವಚವನ್ನು ಟೇಬಲ್ಲಿನ ಮೇಲಿಟ್ಟಳು.

"ಬಿಚ್ಚಿ ಮತ್ತೆ ಅಂಟಿಸಕ್ಕಾಗಲ್ಲ," ಅಂದಳು.

"ಒಳಗೆ ಟವೆಲ್ ಮಡಿಚಿ ಇಡೋಣ. ಸೋಫಾ ಕುಶನ್ನಿನ ಹತ್ತಿ ಇದೆ."

"ಅವಳದ್ದು ಪರ್ಫೆಕ್ಟ್ ಆಗಿದೆ. ಪಕ್ಕದಲ್ಲಿ ನಾನು ದಿಂಬಿನ ಥರ ನಿಲ್ಬೇಕಾ?"

ಆದರೂ ಹತ್ತಿ ತುಂಬಿದೆ. ಹಳೆಯ ಟವೆಲು ಹೊಲಿದು ಭುಜದ ಒಳಗೆ ಅಂಟಿಸಿದೆ. ನಿಂತರೆ ನಿಲ್ಲುತ್ತಿತ್ತು, ಕೈ ಎತ್ತಿದರೆ ಜಾರುತ್ತಿತ್ತು.

ಹ್ಯೂಮ್ ಹೈವೇ ಉದ್ದಕ್ಕೂ ಕವಚ ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಸೀಟ್‌ಬೆಲ್ಟ್ ಹಾಕಿಕೊಂಡು ಕೂತಿತ್ತು. ಹೊರಟಾಗ ಅವಳು 'ಬರ್ತಿದ್ದೀವಿ' ಅಂತ ಮೆಸೇಜ್ ಕಳಿಸಿದ್ದಳು. ಉತ್ತರವಿರಲಿಲ್ಲ. ಫೋನನ್ನು ತೊಡೆಯ ಮೇಲೆ ಕವುಚಿ ಇಡುವುದು, ಮತ್ತೆ ಮಗುಚುವುದು, ಕನ್ನಡಿಯಲ್ಲಿ ನನಗೆ ಕಾಣುತ್ತಿತ್ತು. ಹೊರಗೆ ಒಣಹುಲ್ಲಿನ ಬಯಲು, ಒಂಟಿ ಮರದ ನೆರಳಿಗೆ ಒತ್ತಿಕೊಂಡು ನಿಂತ ಕುರಿಗಳು. ಗಡಿ ದಾಟುವ ಮುಂಚೆ ಒಂದು ಕಡೆ ಚಿತ್ರಾನ್ನ ತಿನ್ನಲು ನಿಲ್ಲಿಸಿದಾಗ ಡಬ್ಬಿ ಮುಟ್ಟದೆಯೇ ಅಂದಳು, "ವಾಪಸ್ ಹೋಗೋಣಪ್ಪ. ಅವಳು ಬೇರೆಯವರ ಜೊತೆ ಹೋಗ್ತಾಳೆ ಅನ್ಸುತ್ತೆ. ಅದಕ್ಕೇ ಹೇಳಕ್ಕೆ ಆಗ್ತಿಲ್ಲ."

ಇವರು ಚಮಚ ನೆಕ್ಕಿ, "ಅರ್ಧ ದಾರಿ ಬಂದಾಯ್ತಲ್ಲ ಪುಟ್ಟಾ. ಹಿಂದಕ್ಕೆ ಹೋಗೋದೂ ಅಷ್ಟೇ ದೂರ, ಮುಂದಕ್ಕೆ ಹೋಗೋದೂ ಅಷ್ಟೇ. ಮುಂದೆ ಹೋದ್ರೆ ಹುಬ್ಬಳ್ಳಿ ಗಿರ್ಮಿಟ್ಟಾದ್ರೂ ಸಿಗುತ್ತೆ," ಅಂದರು. ಅವಳಿಗೆ ನಗು ಬರಲಿಲ್ಲ. ನನಗೆ ಆ ಹೊಸ ವರ್ಷದ ಕಾರ್ಡಿನ ನೆನಪು. ಅದರ ಮೇಲೆ ಎರಡು ಗುಲಾಬಿ, ಒಳಗೆ ಬರೀ ಹೆಸರು.

ಕ್ಲೈಡ್ ನಾರ್ತ್ ತಲುಪಿದಾಗ ಇನ್ನೂ ಬಿಸಿಲಿತ್ತು. ಎಲ್ಲ ಮನೆಗೂ ಅದೇ ಬೂದು ಬಣ್ಣದ ಛಾವಣಿ, ಅದೇ ಎಳೆ ಗಿಡ. ಹುಬ್ಬಳ್ಳಿಯವರ ಮನೆಯನ್ನು ಗುರುತಿಸಿದ್ದು ಬಾಗಿಲ ತೋರಣದಿಂದ. ಹುಡುಗಿಯ ಅಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದರು.

"ಅಯ್ಯ, ಬರ್ರಿ ಬರ್ರಿ ಅಕ್ಕಾರ! ಎಷ್ಟ್ ಸೊರಗೀರಿ, ಸಿಡ್ನಿಯೊಳಗ ಊಟಾ ಸಿಗಂಗಿಲ್ಲೇನು?" ಅಂದವರು ನನ್ನ ಮಗಳ ಗಲ್ಲ ಹಿಡಿದು ದನಿ ತಗ್ಗಿಸಿದರು. "ನಮ್ಮಾಕಿ ಒಳಗ ಕುಂತಾಳ ನೋಡವಾ. ಸಾಲಿಂದ ಬಂದಾಕಿ ಬಾಗ್ಲಾ ಹಾಕ್ಕೊಂಡಾಳ. ನಾ ಏನ್ ಕೇಳಿದ್ರೂ 'ನಥಿಂಗ್ ಮಮ್ಮಿ' ಅಂತಾಳ. ಈ ನಥಿಂಗ್ ಅನ್ನೂದು ಭಾಳ ದೊಡ್ಡ ಸಂಗತಿ ನೋಡ್ರಿ ಅಕ್ಕಾರ."

ಮಗಳು ಕವಚವನ್ನು ಮಗುವಿನ ಹಾಗೆ ಎರಡೂ ತೋಳಲ್ಲಿ ಎತ್ತಿಕೊಂಡು ಆ ಬಾಗಿಲ ಮುಂದೆ ನಿಂತಳು. ತಟ್ಟಲು ಕೈ ಖಾಲಿ ಇರಲಿಲ್ಲ. ಕಾಲಿನಿಂದ ಮೆಲ್ಲಗೆ ತಟ್ಟಿದಳು.

"ಹೇಳ್ಬಿಡು," ಅಂದಳು ಬಾಗಿಲಿಗೆ. "ಬೇರೆ ಯಾರಾದ್ರೂ ಇದ್ರೆ ಪರವಾಗಿಲ್ಲ. ಐ ಜಸ್ಟ್ ವಾಂಟ್ ಟು ನೋ."

ಬಾಗಿಲು ತೆರೆಯಿತು. ನನ್ನ ಬಾಯಿಂದ "ಅಯ್ಯೋ ರಾಮ" ಅನ್ನುವುದು ಬಂದೇಬಿಟ್ಟಿತು. ಒಂದೂವರೆ ವರ್ಷದ ಹಿಂದೆ ನನ್ನ ಮಗಳ ಸಮಕ್ಕಿದ್ದ ಹುಡುಗಿ ಈಗ ಬಾಗಿಲ ಚೌಕಟ್ಟು ತುಂಬಿ ನಿಂತಿದ್ದಳು. ಭುಜ ಅಗಲವಾಗಿತ್ತು, ಪ್ಯಾಂಟು ಕಣಕಾಲಿಗಿಂತ ಮೇಲಿತ್ತು. ವಿಡಿಯೋ ಕಾಲಿನಲ್ಲಿ ಮುಖವಷ್ಟೇ ಕಾಣುತ್ತದಲ್ಲ, ಇದು ನಮಗೆ ತಿಳಿದಿರಲಿಲ್ಲ. ಹಿಂದೆ ಹಾಸಿಗೆಯ ಮೇಲೆ ಅವಳ ಕವಚ ಬಿದ್ದಿತ್ತು. ಬೆನ್ನಿನ ಪಟ್ಟಿಗಳನ್ನು ಎಳೆದೂ ಎಳೆದೂ ವೆಲ್ಕ್ರೋ ಕಿತ್ತು ಬಂದಿತ್ತು.

"ಬೇರೆ ಯಾರೂ ಇಲ್ಲ," ಅಂದಳು ಆ ಹುಡುಗಿ, ಅಳು ತಡೆದುಕೊಂಡು. "ಇದು ನನಗೆ ಚಿಕ್ಕದಾಗಿದೆ. ಆಗಿಂದ ಟ್ರೈ ಮಾಡ್ತಿದ್ದೀನಿ. ನೀನು ಅಷ್ಟು ಕಷ್ಟಪಟ್ಟು ಮಾಡ್ತಿದ್ದೆ, ನಾನು ಬರಲ್ಲ ಅಂತ ಹೇಗೆ ಹೇಳ್ಲಿ? ಟೈಪ್ ಮಾಡೋದು, ಡಿಲೀಟ್ ಮಾಡೋದು."

ಅವಳ ಅಮ್ಮ ನನ್ನ ಪಕ್ಕ ನಿಂತು ಪಿಸುಗುಟ್ಟಿದರು. "ಜ್ವಾಳದ ದಂಟಿನಂಗ ಬೆಳದಾಳ್ರಿ. ನಂಗ ಹೇಳಿದ್ರ ನಾ ಒಂದ್ ಪಟ್ಟಿ ಜೋಡಸ್ತಿದ್ದೆ. ಹೇಳಬೇಕಲ್ಲ!"

ನನ್ನ ಮಗಳು ಹಾಸಿಗೆಯ ಮೇಲಿನ ಕವಚ ನೋಡಿದಳು. ಗೆಳತಿಯ ಭುಜ ನೋಡಿದಳು. ತೋಳಲ್ಲಿದ್ದ ತನ್ನದನ್ನು ನೋಡಿದಳು. ಅದೇ ವಿಚಾರ ನನಗೂ ಆ ಕ್ಷಣವೇ ಬಂದಿತ್ತು, ಬಾಯಿಗೂ ಬಂದಿತ್ತು. ಆದರೆ ಕೊಡಬೇಕಾದದ್ದು ನನ್ನದಲ್ಲ. ಆ ರೆಕ್ಕೆಗೆ ಒಂದು ಟರ್ಮು ಕಳೆದವಳು ಅವಳು, ಮೊದಲಿನಿಂದ ಅಕ್ಕ ಆಗಬೇಕೆಂದು ಹಟ ಹಿಡಿದವಳು ಅವಳು. ನಾನು ಸೆರಗಿಲ್ಲದ ಕುರ್ತಾದ ಅಂಚನ್ನು ಬೆರಳಿಗೆ ಸುತ್ತಿಕೊಂಡು ನಿಂತೆ.

"ಕೈ ಎತ್ತು," ಅಂದಳು ಮಗಳು.

"ಏನು?"

"ನಮ್ಮಮ್ಮ ಇದನ್ನ ಆನೆಗೆ ಹೊಲಿದಿದ್ದಾಳೆ. ಕೈ ಎತ್ತು."

ಒಳಗಿನ ಟವೆಲು ಕಿತ್ತಳು, ಹತ್ತಿ ಕಿತ್ತಳು, ಎಲ್ಲ ನೆಲಕ್ಕೆ ಬಿತ್ತು. ಕವಚ ಆ ಹುಡುಗಿಯ ತಲೆಯಿಂದ ಇಳಿದು ಭುಜದ ಮೇಲೆ ಕೂತು, ಪಕ್ಕದ ಪಟ್ಟಿ 'ಚರ್ರ್' ಅಂತ ಕಚ್ಚಿಕೊಂಡಿತು. ಎಲ್ಲೂ ಸಡಿಲವಿಲ್ಲ, ಎಲ್ಲೂ ಬಿಗಿಯಿಲ್ಲ.

"ಆದ್ರೆ ಇದು ಅಕ್ಕಂದು," ಅಂದಳು ಹುಡುಗಿ ರೆಕ್ಕೆ ಮುಟ್ಟಿ. "ಅಕ್ಕ ನೀನು."

ಮಗಳು ಹಾಸಿಗೆಯ ಮೇಲಿನ ತಂಗಿಯ ಕವಚವನ್ನು ಎತ್ತಿ, ಅದರ ಅಂಚಿನ ಮೇಲೆ ಬೆರಳಾಡಿಸಿ, ಮೈಗೆ ಹಿಡಿದುಕೊಂಡಳು. ಆ ಹುಡುಗಿ ಸಿಡ್ನಿ ಬಿಡುವಾಗ ಎಷ್ಟಿದ್ದಳೋ ನನ್ನ ಮಗಳು ಈಗಲೂ ಅಷ್ಟೇ ಇದ್ದಳು, ಅದು ಅವಳಿಗೆ ಸರಿಯಾಗಿತ್ತು.

"ಯಾರು ಉದ್ದ ಇರ್ತಾರೋ ಅವರು ಅಕ್ಕ," ಅಂದಳು ಕೊನೆಗೆ. "ನ್ಯೂ ರೂಲ್."

"ಓನ್ಲಿ ಇನ್ ಹೈಟ್," ಅಂದಳು ಗೆಳತಿ, ಮೂಗು ಏರಿಸುತ್ತ. ಇಬ್ಬರೂ ನಗಲು ಶುರು ಮಾಡಿದರು, ಕವಚಕ್ಕೆ ಕವಚ ತಾಗಿ ಡುಬ್ ಡುಬ್ ಅಂತ ರಬ್ಬರಿನ ಸದ್ದು. ಹುಡುಗಿಯ ಅಮ್ಮ ಕಣ್ಣು ಒರೆಸಿಕೊಂಡು, ಹಿಟ್ಟಿನ ಕೈ ಅನ್ನುವುದು ಮರೆತು, ಮುಖಕ್ಕೆಲ್ಲ ಕಡಲೆಹಿಟ್ಟು ಬಳಿದುಕೊಂಡರು. "ನಡ್ರಿ ಅಕ್ಕಾರ, ಇವರ ಯುದ್ಧ ಇವರು ಮಾಡ್ಲಿ. ಮಿರ್ಚಿ ಭಜಿ ಎಣ್ಯಾಗ ಬಿಟ್ಟ್ ಬಂದೇನಿ!" ಅವು ಕರಕಲಾಗಿದ್ದವು. ಇವರು ಗಿರ್ಮಿಟ್ಟಿನ ಜೊತೆ ಆ ಕರಕಲನ್ನೇ ಹೊಗಳಿ ಹೊಗಳಿ ತಿಂದರು.

ಮರುದಿನ ಆ ದೊಡ್ಡ ಹಾಲಿನಲ್ಲಿ ವೇಷಗಳ ನಡುವೆ ನಾವಿಬ್ಬರು ಅಮ್ಮಂದಿರು ತಿಂಡಿಯ ಚೀಲ ಹಿಡಿದು ನಿಂತಿದ್ದೆವು. ಕೊಂಬಿನವರು, ಬಾಲದವರು, ಮೈಗೆಲ್ಲ ದೀಪ ಸುತ್ತಿಕೊಂಡವರು. ಎಲ್ಲರೂ ಬಹಳ ಮರ್ಯಾದೆಯಿಂದ ಒಬ್ಬರಿಗೊಬ್ಬರು ದಾರಿ ಬಿಡುತ್ತಿದ್ದರು. ಇನ್ನೇನು ಕರೆಯಬೇಕು ಅನ್ನುವಾಗ ಮಗಳ ಬೆನ್ನಿನ ಪಟ್ಟಿ, ಹಿಂದಿನ ರಾತ್ರಿ ಹೊಸದಾಗಿ ಅಂಟಿಸಿದ್ದದ್ದು, ಬಿಟ್ಟುಕೊಂಡಿತು. ಗ್ಲೂ ಹಚ್ಚಿ ಹದಕ್ಕೆ ಕಾಯಲು ಹೊತ್ತಿಲ್ಲ. ನನ್ನ ಕೈ ತಾನಾಗಿಯೇ ಕುತ್ತಿಗೆಗೆ ಹೋಯಿತು. ಅಮ್ಮನ ಹಾಗೆ ನಾನೂ ತಾಳಿಯ ಸರದಲ್ಲಿ ಒಂದೆರಡು ಪಿನ್ನು ಸಿಕ್ಕಿಸಿಕೊಂಡಿರುತ್ತೇನೆ. ಹುಬ್ಬಳ್ಳಿಯವರು ತಮ್ಮ ಬಳೆಯಿಂದ ಇನ್ನೊಂದು ಬಿಚ್ಚಿದರು. "ತಗೋರಿ, ಚುಚ್ಚರಿ. ಹಿಂದ ಯಾರ್ ನೋಡ್ತಾರ!"

ಹಾಗೆ ಕೋಟೆಯ ತಂಗಿ ಪಿನ್ನಿನ ಬಲದ ಮೇಲೆ ವೇದಿಕೆ ಹತ್ತಿದಳು. ಅಕ್ಕ ಮೊದಲು ಬಂದು ನಿಂತಳು. ತಂಗಿ ಅವಳ ಎಡಪಕ್ಕಕ್ಕೆ ಬಂದು ಒಂದು ಹೆಜ್ಜೆ ಸರಿದಳು. ಒಂದು ರೆಕ್ಕೆ ಮೇಲೆ, ಒಂದು ಕೆಳಗೆ. ಗಾತ್ರದಲ್ಲಿ ಈಗ ಅವು ಸರಿಜೋಡಿಯಲ್ಲ. ತಂಗಿ ತುದಿಗಾಲಲ್ಲಿ ನಿಂತಳು, ಅಕ್ಕ ಮೊಣಕಾಲು ತುಸು ಬಗ್ಗಿಸಿದಳು. ಬಾಗಿಲು ಮುಚ್ಚಿಕೊಂಡಿತು. ಜನ ಕೂಗಿದರು. ಇಬ್ಬರೂ ಹೆಲ್ಮೆಟ್ಟಿನೊಳಗೆ ನಗುತ್ತಿದ್ದಾರೆ ಅನ್ನುವುದು ಭುಜ ಅಲ್ಲಾಡುವುದರಿಂದ ನನಗೆ ಗೊತ್ತಾಯಿತು. ಸೈನಿಕರು ನಗಬಾರದು. ಇದ್ದಕ್ಕಿದ್ದ ಹಾಗೆ ನನಗೆ ಚಹಾಪುಡಿಯ ವಾಸನೆ ಬಂದಂತಾಯಿತು, ಮೂಗಿಗೋ ನೆನಪಿಗೋ ತಿಳಿಯದು.

ಬಹುಮಾನ ಯಾವುದೋ ಹಸಿರು ರಾಕ್ಷಸನಿಗೆ ಹೋಯಿತು. "ಅಂವಾ ಬರೇ ಬಣ್ಣಾ ಬಡ್ಕೊಂಡಾನ್ರಿ, ಅದರಾಗೇನ್ ಹೊಲಿಗಿ ಐತಿ?" ಅಂತ ಹುಬ್ಬಳ್ಳಿಯವರು ಮನೆ ಮುಟ್ಟುವವರೆಗೂ ಹೇಳುತ್ತಿದ್ದರು. ಮಕ್ಕಳಿಗೆ ಅದರ ಪರಿವೆಯೇ ಇರಲಿಲ್ಲ.

ಹೊರಡುವಾಗ ಯಾರ ಕವಚ ಯಾರಿಗೆ ಅನ್ನುವ ಮಾತೇ ಬರಲಿಲ್ಲ. ಹಾಕಿಕೊಂಡದ್ದು ಹಾಕಿಕೊಂಡವರಿಗೆ. ತಂಗಿಯ ಕವಚ ಸೀಟ್‌ಬೆಲ್ಟ್ ಕಟ್ಟಿಕೊಂಡು ನಮ್ಮೊಂದಿಗೆ ಸಿಡ್ನಿಗೆ ಬಂತು. ಬೆನ್ನಲ್ಲಿ ನನ್ನ ಪಿನ್ನು ಈಗಲೂ ಇದೆ, ತುಕ್ಕು ಹಿಡಿದಿದೆ. ಧೂಳು ಒರೆಸುವಾಗ ಬೆರಳಿಗೆ ತಾಗುತ್ತದೆ, ತೆಗೆಯುವ ಮನಸ್ಸಾಗಿಲ್ಲ.

ಮಗಳು ಈಗ ಮೆಲ್ಬರ್ನಿನಲ್ಲಿ ಓದುತ್ತಿದ್ದಾಳೆ. ಅವಳೂ ಆ ಹುಡುಗಿಯೂ ಯೂನಿವರ್ಸಿಟಿಗೆ ಹತ್ತಿರ ಒಂದು ಚಿಕ್ಕ ಮನೆ ರೆಂಟಿಗೆ ಹಿಡಿದಿದ್ದಾರೆ. ಕಳೆದ ವಾರ ಫೋನ್ ಮಾಡಿದ್ದಳು. ಗೆಳತಿಯೊಬ್ಬಳ ಮದುವೆಯಂತೆ, ಸೀರೆ ಉಡಬೇಕಂತೆ, ನನ್ನ ನೇರಳೆ ರೇಷ್ಮೆಗೆ ಬ್ಲೌಸು ಬೇಕಂತೆ.

"ಅಳತೆ ಕಳಿಸು," ಅಂದೆ.

"ಯಾರದ್ದು?"

"ಯಾರದ್ದು ಅಂದ್ರೆ? ನಿಂದು ಕಣೇ."

ಆ ಕಡೆ ಗುಸುಗುಸು ಮಾತು, ಯಾರದೋ ನಗು. ಮತ್ತೆ ಮಗಳ ದನಿ, ಕನ್ನಡದಲ್ಲಿ, ಪದ ಹುಡುಕಿ ಹುಡುಕಿ. "ಅಮ್ಮಾ, ಮದುವೆಗೆ ನಾನು ಹಾಕ್ಕೋತೀನಿ. ರಿಸೆಪ್ಷನ್‌ಗೆ ಅವಳು. ಅದಕ್ಕೆ... ಒಳಗೆ ಬಟ್ಟೆ ಬಿಡು. ಜಾಸ್ತಿ ಬಿಡು."

ಇಬ್ಬರ ಅಳತೆಯೂ ಬಂದ ಮೇಲೆ ಗ್ಯಾರೇಜಿಗೆ ಹೋಗಿ ಬ್ರೌನ್ ಪೇಪರ್ ಹಾಸಿದೆ. ಮೊದಲು ಮಗಳ ಅಳತೆಗೆ ಒಳಗಿನ ಗೆರೆ ಎಳೆದೆ.